ಅಡಿಕೆ ಗೋಣಿ ನೆಲದಲ್ಲಿ, ಹಲಗೆ ಸೌದೆ ಕೊಟ್ಟಿಗೆಯಲ್ಲಿ!

ನಮ್ಮ ಕೃಷಿಕರ ಮನೆಗಳಿಗೆ ಹೋದಾಗ ನಾನೊಂದು ಸಂಗತಿ ಗಮನಿಸುತ್ತೇನೆ. ಮನೆ ಹೊಸದು, ತಾರಸಿಯದ್ದು. ನೆಲಕ್ಕೆ ಟೈಲ್ಸ್ ಬಂದಿದೆ. ಆದರೆ ಹಿಂದಿನ ಕೊಟ್ಟಿಗೆಗೆ ಕಾಲಿಟ್ಟರೆ ಅಡಿಕೆ ಗೋಣಿ ನೆಲದಲ್ಲಿ, ಸುಣ್ಣದ ಚೀಲ ಗೋಡೆಗೆ ಒರಗಿಸಿ, ಮೈಲುತುತ್ತು ಹಾರೆ-ಪಿಕಾಸಿಗಳ ನಡುವೆ, ಕೀಟನಾಶಕದ ಬಾಟ್ಲಿ ಕಿಟಕಿ ದಂಡೆಯಲ್ಲಿ. ಅಲ್ಲೇ ಪಕ್ಕದ ಸೌದೆ ರಾಶಿಯಲ್ಲಿ ಗಾಳಿಗೆ ಬಿದ್ದ ಹಲಸಿನ ಮರದ ಒಳ್ಳೆಯ ಹಲಗೆಗಳು ಒರಲೆ ತಿನ್ನುತ್ತಾ ಬಿದ್ದಿರುತ್ತವೆ!

ಬೇರೆಯವರ ಮನೆ ಸುದ್ದಿ ಯಾಕೆ, ನನ್ನದೂ ಹಾಗೆಯೇ ಇತ್ತು.

ಅಟ್ಟ ಹೋಯಿತು, ಬದಲಿ ಬರಲಿಲ್ಲ

ಹಂಚಿನ ಮನೆಗೆ ಅಟ್ಟ ಇತ್ತು. ಒಲೆಯ ಹೊಗೆ ಹೋಗಿ ಹೋಗಿ ಅಟ್ಟ ಯಾವಾಗಲೂ ಒಣಗಿಯೇ ಇರುತ್ತಿತ್ತು. ಅಡಿಕೆ, ಕರಿಮೆಣಸು, ಬೀಜಕ್ಕಿಟ್ಟ ಸೌತೆ, ಹೀರೆ ಎಲ್ಲ ಅಲ್ಲಿ. ತಾರಸಿ ಮನೆ ಕಟ್ಟುವಾಗ ಅಟ್ಟ ಬಿಟ್ಟೆವು. ಗ್ಯಾಸ್ ಬಂತು, ಹೊಗೆಯೂ ಹೋಯಿತು. ಅದೆಲ್ಲ ಸರಿಯೇ. ಆದರೆ ಅಟ್ಟ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡುವುದು ಎಂದು ನಾವು ಯೋಚಿಸಲೇ ಇಲ್ಲ.

ಇದರ ನಷ್ಟ ನನಗೆ ಗೊತ್ತಾದದ್ದು ಒಂದು ಮಳೆಗಾಲ ಕಳೆದ ಮೇಲೆ. ನಾಲ್ಕು ಗೋಣಿ ಚಾಲಿ ಅಡಿಕೆಯನ್ನು ಹಳತು ಮಾಡಿ ಮಾರುವ ಎಂದು ಉಳಿಸಿದ್ದೆ. ಸಿಮೆಂಟು ನೆಲದ ಮೇಲೆ ಬರೀ ಒಂದು ತಾಟು ಹಾಸಿ ಇಟ್ಟದ್ದು. ದೀಪಾವಳಿಗೆ ಬಿಚ್ಚಿ ನೋಡಿದರೆ ಗೋಣಿಯ ಅಡಿಯ ಒಂದು ಗೇಣು ಬೂಸ್ಟು ಹಿಡಿದು ಬೆಚ್ಚಗಾಗಿದೆ. ಹೇಳಿ ಸುಖ ಇಲ್ಲ. ಹಳೆ ಅಡಿಕೆ, ಡಬಲ್ ಚೋಲ್‌ಗೆ ಹೊಸತಕ್ಕಿಂತ ಸಾಮಾನ್ಯವಾಗಿ ಹೆಚ್ಚು ಕ್ರಯ ಉಂಟು ಎಂದು ನಮಗೆಲ್ಲ ಗೊತ್ತು. ಆದರೆ ಇಡಲು ಜಾಗ ಇದ್ದವನಿಗೆ ಮಾತ್ರ ಆ ಕ್ರಯ. ಜಾಗ ಇಲ್ಲದವನು ಒಣಗಿಸಿದ ಕೂಡಲೇ ಮಾರಬೇಕು. ಸಣ್ಣ ಕೃಷಿಕ ಅವಸರದಲ್ಲಿ ಮಾರುವುದಕ್ಕೆ ಹಣದ ತುರ್ತು ಒಂದೇ ಕಾರಣ ಅಲ್ಲ, 'ಇಡಲು ಜಾಗ ಇಲ್ಲ' ಎನ್ನುವುದೂ ಕಾರಣ. ಹಾಗಾಗಿ ನಾಲ್ಕು ಹಲಗೆಯ ರ್‍ಯಾಕನ್ನು ನಾನು ಮನೆ ಸಾಮಾನು ಎನ್ನುವುದಿಲ್ಲ, ಕೃಷಿ ಉಪಕರಣ ಎನ್ನುತ್ತೇನೆ.

ಕಬ್ಬಿಣದ್ದು ಯಾಕೆ ಬೇಡ?

'ಪೇಟೆಯಲ್ಲಿ ರೆಡಿಮೇಡ್ ಸಿಗುತ್ತದಲ್ಲ' ಎಂದು ಕೇಳುವವರಿದ್ದಾರೆ. ಪುಸ್ತಕ, ಪಾತ್ರೆ ಇಡಲು ಅದು ಧಾರಾಳ ಸಾಕು. ಆದರೆ ಗೊಬ್ಬರ ತೇವ ಎಳೆಯುತ್ತದೆ. ಪೊಟಾಷ್ ಉಪ್ಪಿನ ಜಾತಿಯದ್ದು. ಮೈಲುತುತ್ತಂತೂ ಕಬ್ಬಿಣವನ್ನು ತಿಂದೇ ಬಿಡುತ್ತದೆ. ಬೋರ್ಡೋಗೆ ಕಬ್ಬಿಣದ ಪಾತ್ರೆ ಬೇಡ ಎನ್ನುವುದು ಇದಕ್ಕೇ. ನಮ್ಮ ಮಳೆಗಾಲದಲ್ಲಿ ಇವುಗಳನ್ನೆಲ್ಲ ತೆಳು ತಗಡಿನ ಮೇಲೆ ಇಟ್ಟರೆ ಎಷ್ಟು ವರ್ಷ ಬಂದೀತು? ಮರಕ್ಕೆ ಈ ತೊಂದರೆ ಇಲ್ಲ. ಪ್ಲಾಸ್ಟಿಕ್ ಡ್ರಮ್ಮು ಬೇಡ ಎನ್ನುವುದಿಲ್ಲ, ಇಲಿಗೆ ಅದು ಒಳ್ಳೆಯ ಮದ್ದು. ಆದರೆ ಡ್ರಮ್ಮಿನೊಳಗೆ ಎಲ್ಲವನ್ನೂ ತುಂಬಿಸಲಾಗುವುದಿಲ್ಲ.

ನನ್ನ ಮೊದಲ ರ್‍ಯಾಕು ಬಿದ್ದದ್ದು

ಬೂಸ್ಟಿನ ಅಡಿಕೆ ಕಂಡ ಸಿಟ್ಟಿನಲ್ಲಿ ನಾನೇ ಒಂದು ರ್‍ಯಾಕು ಮಾಡಿದೆ. ನಾಲ್ಕು ಕಂಬ, ಅಡ್ಡಕ್ಕೆ ಪಟ್ಟಿ, ಎಲ್ಲ ಆಣಿ ಹೊಡೆದು. ನೋಡಲು ಚಂದವೇ ಇತ್ತು. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಧಡ್ ಎಂದು ಸದ್ದು. ಹೋಗಿ ನೋಡಿದರೆ ಇಡೀ ರ್‍ಯಾಕು ಒಂದು ಬದಿಗೆ ವಾಲಿ ಮಲಗಿದೆ. ಹಗಲಲ್ಲಿ ಮಕ್ಕಳು ಅಲ್ಲೇ ಆಡುವುದು. ದೇವರು ದೊಡ್ಡವನು.

ಮರುದಿನ ಊರಿನ ಹಿರಿಯ ಆಚಾರಿಯವರನ್ನು ಕರೆದು ತೋರಿಸಿದೆ. "ಆಚಾರ್ರೇ, ಆಣಿ ಕಡಿಮೆಯಾಯಿತಾ?" ಕೇಳಿದೆ. ಅವರು ನಕ್ಕರು. "ಅಲ್ಲ ಅಣ್ಣ, ಮರ ಹೊರಬೇಕಾದ ಭಾರವನ್ನು ಆಣಿಯ ಹತ್ತಿರ ಹೊರಿಸಿದ್ದೀರಿ. ಆಣಿ ಹಿಡಿದುಕೊಳ್ಳಲಿಕ್ಕೆ ಇರುವುದು, ಹೊರಲಿಕ್ಕೆ ಉಂಟಾ? ಮತ್ತೆ ಓರೆ ಪಟ್ಟಿ ಎಲ್ಲಿ?"

ಈ ಎರಡು ಮಾತಿನಲ್ಲಿ ನನಗೆ ಇಡೀ ವಿದ್ಯೆ ಸಿಕ್ಕಿತು.

ಗಟ್ಟಿ ಬರಬೇಕಾದರೆ

ಎರಡನೆಯದನ್ನು ಮಗನನ್ನು ಸೇರಿಸಿಕೊಂಡು ಮೂರು ದಿನದಲ್ಲಿ ಮಾಡಿದೆ. ಅಳತೆ ಹೀಗೆ:

ಉದ್ದ 6 ಅಡಿ, ಅಗಲ 2 ಅಡಿ, ಎತ್ತರ 5½ ಅಡಿ. 3×3 ಇಂಚಿನ ಆರು ಕಂಬ. ಎಂದರೆ ಎರಡು ತಲೆಗಳಲ್ಲಿ ಒಂದೊಂದು ಜೋಡಿ, ನಡುವಿನಲ್ಲಿ ಒಂದು ಜೋಡಿ. ನಡುವಿನ ಜೋಡಿ ಬಿಡಬೇಡಿ. ಹಲಗೆ ಆಧಾರವಿಲ್ಲದೆ 3 ಅಡಿಗಿಂತ ಉದ್ದ ಹೋದರೆ ಭಾರಕ್ಕೆ ಬಾಗಲು ಸುರುವಾಗುತ್ತದೆ.

ಪ್ರತಿ ಜೋಡಿ ಕಂಬಕ್ಕೆ 3×1½ ಇಂಚಿನ ಮೂರು ಅಡ್ಡಪಟ್ಟಿ, ಒಟ್ಟು ಒಂಬತ್ತು. ಈ ಪಟ್ಟಿಯನ್ನು ಮಲಗಿಸಬೇಡಿ, ನಿಲ್ಲಿಸಿ ಕೂರಿಸಿ. ಅದೇ ತುಂಡು, ಅದೇ ಮರ. ಆದರೆ 3 ಇಂಚು ಮೇಲೆ-ಕೆಳಗೆ ಬರುವಂತೆ ನಿಲ್ಲಿಸಿದರೆ ಬಾಗುವುದು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಖರ್ಚಿಲ್ಲದೆ ಸಿಗುವ ಗಟ್ಟಿತನ ಇದು.

ಕಂಬದಲ್ಲಿ ಅರ್ಧ ಇಂಚು ಆಳದ ಕಚ್ಚು ಕೊರೆದು ಅಡ್ಡಪಟ್ಟಿಯನ್ನು ಅದರಲ್ಲಿ ಬಿಗಿಯಾಗಿ ಕೂರಿಸಬೇಕು. ಆಗ ಭಾರ ಮರದಿಂದ ಮರಕ್ಕೆ ಇಳಿಯುತ್ತದೆ. ಬಿಟ್ಟು ಬರದಂತೆ 4½ ಇಂಚು ಉದ್ದದ ಬೋಲ್ಟು, ಎರಡೂ ಕಡೆ ವಾಶರ್. ಹದಿನೆಂಟು ಬೋಲ್ಟು ಸಾಕು. ಬೋಲ್ಟಾದರೆ ಬೇಕೆಂದಾಗ ಬಿಚ್ಚಿ ಬೇರೆ ಕಡೆಗೆ ಸಾಗಿಸಬಹುದು. ಹಲಸಿನಂಥ ಗಟ್ಟಿ ಮರಕ್ಕೆ ಆಣಿ ಹೊಡೆಯುವಾಗಲೂ ಮೊದಲು ಸಣ್ಣ ತೂತು ಕೊರೆಯಿರಿ. ಇಲ್ಲದಿದ್ದರೆ ತುದಿ ಸೀಳುತ್ತದೆ.

ಹಿಂಬದಿಗೆ ಗುಣಾಕಾರ ಚಿಹ್ನೆಯ ಹಾಗೆ ಎರಡು ಓರೆ ಪಟ್ಟಿ, ಎರಡು ತಲೆಗಳಿಗೆ ಒಂದೊಂದು. ನಾಲ್ಕು ಮೂಲೆಯ ಚೌಕ ವಾಲುತ್ತದೆ, ಮೂರು ಮೂಲೆಯದ್ದು ವಾಲುವುದಿಲ್ಲ. ಓರೆ ಪಟ್ಟಿ ಹೊಡೆಯುವ ಮೊದಲು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡೂ ಕಡೆ ಅಳೆಯಿರಿ. ಅಳತೆ ಸಮ ಬಂದರೆ ಚೌಕ ಸರಿ ಇದೆ ಎಂದರ್ಥ.

ಹಲಗೆ ಮೇಲಿನ ಎರಡು ಅಂತಸ್ತಿಗೆ 1 ಇಂಚು, ಗೋಣಿ ಬರುವ ಕೆಳಗಿನದ್ದಕ್ಕೆ 1½ ಇಂಚು ದಪ್ಪ. ನಡುನಡುವೆ ಅರ್ಧ ಇಂಚು ಸಂದು ಬಿಡಿ, ಗಾಳಿಯಾಡಲಿ. ಮೇಲಿನ ಅಂತಸ್ತಿಗೆ ಹಲಗೆ ಸಾಲದಿದ್ದರೆ ಹಳೆ ಅಡಿಕೆ ಮರದ ಸಲಾಕೆಯೂ ಆದೀತು.

ಕೆಳಗಿನ ಅಂತಸ್ತು ನೆಲದಿಂದ 1 ಅಡಿ ಮೇಲಿರಲಿ. ಹಿಡಿಸೂಡಿ ಅಡಿಗೆ ಹೋಗಬೇಕು. ಹಿಡಿಸೂಡಿ ಹೋಗದಲ್ಲಿ ಇಲಿ ಸಂಸಾರ ಹೂಡುತ್ತದೆ.

ಒರಲೆಯ ವಿಷಯ

ಕಂಬದ ಬುಡ ಮಣ್ಣಿಗೆ ತಾಗಬಾರದು. ಪ್ರತಿ ಕಂಬದ ಅಡಿಗೆ ಒಂದು ಕಲ್ಲಿನ ತುಂಡು ಕೊಡಿ. ಬುಡದ ಒಂದು ಗೇಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬಹುದು. ಕೈಗೆ ತಾಗಿದರೆ ಸುಡುತ್ತದೆ, ಜಾಗ್ರತೆ. ಗೋಡೆಗೆ ತಾಗಿಸದೆ ನಾಲ್ಕು ಬೆರಳು ದೂರ ಇಡಿ. ಮೇಲೆ ಒಂದು ಕಡೆ ಮಾತ್ರ ಗೋಡೆಯ ಕೊಕ್ಕೆಗೆ ಕಟ್ಟಿದರೆ ಮುಂದಕ್ಕೆ ಬೀಳುವ ಹೆದರಿಕೆ ಇಲ್ಲ. ಒರಲೆ ಬರಬೇಕಾದರೂ ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಯೇ ಬರಬೇಕು. ವಾರಕ್ಕೊಮ್ಮೆ ನೋಡಿದರೆ ಕಣ್ಣಿಗೆ ಬೀಳುತ್ತದೆ. ಒರೆಸಿದರಾಯಿತು.

ಹಸಿ ಮರ ಬಳಸಬೇಡಿ. ಕೊಯ್ದ ಹಲಗೆಗಳ ನಡುವೆ ರೀಪಿನ ತುಂಡು ಇಟ್ಟು ಪೇರಿಸಿ, ನೆರಳಿನಲ್ಲಿ ಒಂದು ಬೇಸಗೆ ಪೂರ್ತಿ ಒಣಗಲಿ. ಬಿಳಿಭಾಗ ತೆಗೆದು ಚೇಗು ಮಾತ್ರ ಕಂಬಕ್ಕೆ ಇರಲಿ. ಮಾವಿನ ಹಲಗೆಗೆ ಹುಳು ಬೇಗ ಬೀಳುತ್ತದೆ. ಇದಕ್ಕಾಗಿ ನಿಂತ ಹಲಸಿನ ಮರ ಕಡಿಯಬೇಕೆಂದು ನಾನು ಹೇಳುವುದಿಲ್ಲ. ಕಡಿಯುವುದಿದ್ದರೂ ಸಾಗಿಸುವುದಿದ್ದರೂ ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಗಾಳಿಗೆ ಬಿದ್ದದ್ದು, ಹಳೆ ಮನೆಯ ಪಕ್ಕಾಸು ಇದ್ದರೆ ಅದೇ ಸಾಕು. ಹಳೆ ಪಕ್ಕಾಸಿನಷ್ಟು ಒಣಗಿದ ಮರ ದುಡ್ಡು ಕೊಟ್ಟರೂ ಸಿಗಲಿಕ್ಕಿಲ್ಲ.

ವಿಷಕ್ಕೆ ಬೇರೆ ಪೆಟ್ಟಿಗೆ

ಒಂದು ಮಾತು ಖಡಾಖಂಡಿತ. ಕೀಟನಾಶಕವನ್ನು ಈ ರ್‍ಯಾಕಿನಲ್ಲಿ ಅಡಿಕೆ, ಬೀಜದ ಜತೆ ಇಡಲೇಬಾರದು. ಉಳಿದ ಹಲಗೆಯಲ್ಲಿ ಬೀಗ ಹಾಕುವ ಒಂದು ಪೆಟ್ಟಿಗೆ ಮಾಡಿ ಮಕ್ಕಳ ಕೈಗೆ ಸಿಗದಲ್ಲಿ ಬೇರೆಯೇ ಇಡಿ. ಅದರೊಳಗೂ ಹುಡಿ ಮೇಲೆ, ದ್ರವ ಕೆಳಗೆ. ಬಾಟ್ಲಿ ಸೋರಿದರೆ ಹುಡಿಯ ಮೇಲೆ ಬೀಳಬಾರದಲ್ಲ.

ಆಚಾರಿಗೆ ಅನ್ಯಾಯವೇ?

'ಎಲ್ಲವನ್ನೂ ನಾವೇ ಮಾಡಿದರೆ ಆಚಾರಿಗಳ ಹೊಟ್ಟೆಪಾಡು?' ಎಂದು ನೆರೆಯವರೊಬ್ಬರು ಕೇಳಿದರು. ಬಾಗಿಲು, ದಾರಂದಕ್ಕೆ ಅವರೇ ಬೇಕು, ಅದರಲ್ಲಿ ಮಾತಿಲ್ಲ. ಆದರೆ ಇಂಥ ಸಣ್ಣ ಕೆಲಸಕ್ಕೆ ಅವರಿಗೂ ಪುರುಸೊತ್ತಿಲ್ಲ. 'ನಾಳೆ ಬರುತ್ತೇನೆ' ಎಂಬ ಮಾತು ನಂಬಿ ನಾನು ಎರಡು ಮಳೆಗಾಲ ಗೋಣಿಯನ್ನು ನೆಲದಲ್ಲಿ ಇಟ್ಟವನು. ಮೊದಲೆಲ್ಲ ಪ್ರತಿ ಮನೆಯಲ್ಲೂ ಉಳಿ, ಗರಗಸ ಇತ್ತು. ನೇಗಿಲಿಗೆ ಹಿಡಿ ಹಾಕಲು ಯಾರೂ ಪೇಟೆಗೆ ಹೋಗುತ್ತಿರಲಿಲ್ಲ. ಈಗ ಕತ್ತಿಗೆ ಹಿಡಿ ಹಾಕಲೂ ಇನ್ನೊಬ್ಬರು ಬೇಕು. ಕೈಯ ಕೆಲಸ ಮರೆತಷ್ಟೂ ಕಿಸೆಯ ಖರ್ಚು ಹೆಚ್ಚು.

ರ್‍ಯಾಕು ಮಾಡಿದ ಮೇಲೆ ನನ್ನ ಅಡಿಕೆಗೆ ಅಡಿಯಿಂದ ಬೂಸ್ಟು ಬಂದಿಲ್ಲ. ಕ್ರಯ ಇಳಿದಾಗ 'ಇನ್ನೊಂದು ತಿಂಗಳು ಇರಲಿ' ಎಂದು ಹೇಳುವ ಧೈರ್ಯ ಬಂದಿದೆ. ಆ ಧೈರ್ಯದ ಬೆಲೆ ಹದಿನೆಂಟು ಬೋಲ್ಟು, ಒಂದಷ್ಟು ಆಣಿ ಮತ್ತು ಮೂರು ದಿನದ ಬೆವರು.

ಈ ಮಳೆಗಾಲಕ್ಕೆ ಮೊದಲು ನಿಮ್ಮ ಸೌದೆ ಕೊಟ್ಟಿಗೆಯನ್ನೊಮ್ಮೆ ತಡಕಿ ನೋಡಿ. ಹಲಗೆ ಇದ್ದೀತು.