ಫಲಿತಾಂಶದ ಚಿಂತೆ ಮತ್ತು ಶಾಲಾ ಸಂಘಗಳ ಅವಧಿ

2025ರ ಮೇ 2ರಂದು ಪ್ರಕಟವಾದ ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ನಾಡಿನ ಶಿಕ್ಷಣಾಸಕ್ತರೆಲ್ಲರನ್ನೂ ಚಿಂತೆಗೀಡುಮಾಡಿತು. 2023ರಲ್ಲಿ ಶೇ. 83.89ರಷ್ಟಿದ್ದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಕೃಪಾಂಕಗಳನ್ನು ಸೇರಿಸಿಯೂ ಶೇ. 73.40ಕ್ಕೆ ಇಳಿಯಿತು; 2025ರಲ್ಲಿ ಶೇ. 62.34ಕ್ಕೆ ಬಂದು ನಿಂತಿತು. ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಪಡೆದಿದ್ದರೆ, ಶರಣರು ನಡೆದಾಡಿದ ಕಲ್ಯಾಣದ ನೆರೆಯ ಕಲಬುರಗಿ ಜಿಲ್ಲೆ ಶೇ. 42.43ರಲ್ಲಿತ್ತು. ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಮೊದಲ ಪ್ರಯತ್ನದಲ್ಲಿ ತೇರ್ಗಡೆಯಾಗಲಿಲ್ಲ.

ಇದರ ಪರಿಣಾಮ ಶಾಲೆಗಳು ಮರಳಿ ತೆರೆದ ಈ ದಿನಗಳಲ್ಲೇ ಕಾಣತೊಡಗಿದೆ. ಅನೇಕ ಪ್ರೌಢಶಾಲೆಗಳಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ವಿಶೇಷ ತರಗತಿ ಏರ್ಪಾಡಾಗುತ್ತಿದೆ. ಅದು ಸಾಲದಾದಾಗ ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಸಾಹಿತ್ಯ ಸಂಘ, ವಿಜ್ಞಾನ ಸಂಘ, ಆಟ, ಚಿತ್ರಕಲೆಗಳಿಗೆ ಮೀಸಲಾದ ಅವಧಿಗಳಿಗೆ. ‘ಮೊದಲು ಪಾಸಾಗಲಿ, ಆಮೇಲೆ ಹಾಡು ಕುಣಿತ’ ಎಂಬ ಮಾತು ಪಾಲಕರ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಈ ಮಾತನ್ನು ನಾವು ಸಮಾಧಾನದಿಂದ ಪರಾಮರ್ಶಿಸಬೇಕಾಗಿದೆ.

ಪಾಲಕರ ಆತಂಕವನ್ನು ನಾವು ಹಗುರವಾಗಿ ಕಾಣಲಾರೆವು. ಕೂಲಿ ಮಾಡುವ ಕುಟುಂಬದ ಮಗುವಿಗೆ ಹತ್ತನೆಯ ತರಗತಿಯ ಅಂಕಪಟ್ಟಿಯೇ ಪಿಯುಸಿಗೆ, ಐಟಿಐಗೆ, ಡಿಪ್ಲೊಮಾಗೆ ಬಾಗಿಲು. ಆ ಬಾಗಿಲು ಮುಚ್ಚಿದರೆ ಗಂಡುಮಗು ಕೆಲಸಕ್ಕೆ, ಹೆಣ್ಣುಮಗು ಮದುವೆಗೆ ಎಂಬ ಲೆಕ್ಕಾಚಾರ ಇಂದಿಗೂ ನಮ್ಮ ಹಳ್ಳಿಗಳಲ್ಲಿ ನಿಂತಿಲ್ಲ. ಹಿಂದುಳಿದ ಮಗುವಿಗೆ ಹೆಚ್ಚಿನ ಪಾಠ ಬೇಕೇ ಬೇಕು. ಆದರೆ ಸಂಘದ ಅವಧಿಯನ್ನು ಕಿತ್ತುಕೊಂಡು ಅದೇ ಪಾಠವನ್ನು ಮತ್ತೊಮ್ಮೆ ಓದಿಸುವುದರಿಂದ ಆ ಮಗು ತೇರ್ಗಡೆಯಾಗುವುದೇ ಎಂಬುದು ಪ್ರಶ್ನೆ. ಎಂಟನೆಯ ತರಗತಿಗೆ ಬಂದರೂ ಸರಾಗವಾಗಿ ಓದಲು ಬಾರದ, ಭಾಗಾಕಾರ ತಿಳಿಯದ ಮಗುವಿಗೆ ತೊಡಕಾಗಿರುವುದು ವೇಳೆಯ ಕೊರತೆಯಲ್ಲ, ಬುನಾದಿಯ ಕೊರತೆ. ‘ನನಗೆ ತಿಳಿಯಲಿಲ್ಲ’ ಎಂದು ಎದ್ದುನಿಂತು ಹೇಳುವ ಧೈರ್ಯವೂ ಆ ಮಗುವಿಗಿಲ್ಲ. ಆ ಧೈರ್ಯವನ್ನು ಕಲಿಸುವ ಜಾಗವೇ ಸಂಘ.

ನಮ್ಮ ಶಾಲೆಗಳಲ್ಲಿ ಸಂಘಗಳಿಗೆ ಬರವಿಲ್ಲ. ಶಾಲಾ ಸಂಸತ್ತು ಇದೆ. ಕೇಂದ್ರ ಪರಿಸರ ಸಚಿವಾಲಯದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ 2001-02ರಿಂದ ಬಂದ ಇಕೋ ಕ್ಲಬ್ ಇದೆ. ಚುನಾವಣಾ ಆಯೋಗ 2018ರಲ್ಲಿ ಆರಂಭಿಸಿದ ಮತದಾರರ ಸಾಕ್ಷರತಾ ಸಂಘ ಇದೆ. ಸ್ಕೌಟ್ಸ್ ಮತ್ತು ಗೈಡ್ಸ್, ಎನ್‌ಸಿಸಿ, ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಪರಂಪರೆಯ ಭಾರತ ಸೇವಾದಳ ಇವೆ. ಕ್ಲಸ್ಟರ್ ಹಂತದಿಂದ ರಾಜ್ಯ ಹಂತದವರೆಗೆ ಪ್ರತಿಭಾ ಕಾರಂಜಿ ನಡೆಯುತ್ತದೆ. ಕೊರತೆಯಿರುವುದು ಇವುಗಳಿಗೆ ಜೀವ ತುಂಬುವಲ್ಲಿ. ಎಷ್ಟೋ ಕಡೆ ಸಂಘವೆಂದರೆ ಒಂದು ದಾಖಲೆ ಪುಸ್ತಕ, ಗೋಡೆಯ ಮೇಲೊಂದು ಪದಾಧಿಕಾರಿಗಳ ಪಟ್ಟಿ, ಪರಿಸರ ದಿನದಂದು ನೆಟ್ಟ ಸಸಿಯ ಜೊತೆಗೊಂದು ಛಾಯಾಚಿತ್ರ. ಆ ಸಸಿಗೆ ಮಾರ್ಚ್‌ನಲ್ಲಿ ನೀರೆರೆದವರು ಯಾರೆಂದು ಕೇಳುವವರಿಲ್ಲ.

ಜೀವವಿರುವ ಸಂಘ ಮಾಡುವ ಕೆಲಸ ಏನೆಂಬುದನ್ನು ನಾವು ಲಿಂಗಾಯತರು ಬೇರೆಲ್ಲೂ ಹೋಗಿ ಕಲಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪವೇ ನಮ್ಮ ಕಣ್ಣಮುಂದಿದೆ. ಅಲ್ಲಿ ಅಂಬಿಗರ ಚೌಡಯ್ಯನವರೂ ಮೋಳಿಗೆಯ ಮಾರಯ್ಯನವರೂ ಪ್ರಧಾನಿಯಾಗಿದ್ದ ಬಸವಣ್ಣನವರೊಡನೆ ಸಮನಾಗಿ ಕುಳಿತು ಮಾತನಾಡಿದರು. ಅಕ್ಕಮಹಾದೇವಿ ತಾಯಿಯವರು ಅಲ್ಲಮಪ್ರಭುಗಳ ಕಠಿಣ ಪ್ರಶ್ನೆಗಳಿಗೆ ಅಳುಕದೆ ಉತ್ತರಿಸಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದುತಂದ ಪತಿಯನ್ನು ಆಯ್ದಕ್ಕಿ ಲಕ್ಕಮ್ಮನವರು ತಿದ್ದಿದರು. ಕೇಳುವ, ಹೇಳುವ, ಒಪ್ಪದಿದ್ದಾಗ ಗೌರವದಿಂದ ಒಪ್ಪುವುದಿಲ್ಲವೆನ್ನುವ ಆ ಸಂಸ್ಕಾರ ಪಠ್ಯವನ್ನು ಬಾಯಿಪಾಠ ಮಾಡಿಸುವುದರಿಂದ ಬರುವುದಿಲ್ಲ. ತರಗತಿಯಲ್ಲಿ ಶಿಕ್ಷಕರು ಮಾತನಾಡುತ್ತಾರೆ, ಮಕ್ಕಳು ಕೇಳುತ್ತಾರೆ. ಸಂಘದಲ್ಲಿ ಮಕ್ಕಳು ಮಾತನಾಡುತ್ತಾರೆ, ಶಿಕ್ಷಕರು ಕೇಳುತ್ತಾರೆ. ಬೇರೆ ಬೇರೆ ಓಣಿಗಳ ಮಕ್ಕಳು ಒಂದೇ ನಾಟಕಕ್ಕೆ ಬಣ್ಣ ಹಚ್ಚಿಕೊಂಡಾಗ, ಒಂದೇ ಖೋಖೋ ತಂಡದಲ್ಲಿ ಓಡಿದಾಗ, ಊರು ಕಟ್ಟಿದ ಗೋಡೆಗಳು ತಾವಾಗಿಯೇ ಸಡಿಲವಾಗುತ್ತವೆ.

ಇನ್ನು ಅಂಕಗಳ ಮಾತು. 2025ರ ಪಟ್ಟಿಯ ಮೇಲ್ತುದಿಯಲ್ಲಿದ್ದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಯಕ್ಷಗಾನದ ನೆಲ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳ ಮಕ್ಕಳಿಗೆ ಯಕ್ಷಗಾನ ಕಲಿಸಿ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ರಂಗಕ್ಕೆ ತರುತ್ತಿದೆ. ಹೆಜ್ಜೆ ಕಲಿತದ್ದರಿಂದಲೇ ಅಂಕ ಬಂತೆಂದು ನಾವು ಹೇಳುವುದಿಲ್ಲ. ಕರಾವಳಿಯ ಸಾಕ್ಷರತೆ, ಶಾಲೆಗಳ ವ್ಯವಸ್ಥೆ, ಮನೆಯ ಅನುಕೂಲ ಎಲ್ಲವೂ ಅದಕ್ಕೆ ಕಾರಣ. ಆದರೆ ಹೆಜ್ಜೆ ಅಂಕಕ್ಕೆ ಅಡ್ಡಿಯಾಗಲಿಲ್ಲ ಎಂಬುದನ್ನಂತೂ ಒಪ್ಪಬೇಕು. ನಮ್ಮ ಸೀಮೆಯಲ್ಲಿಯೂ ಇದಕ್ಕೆ ಸಾಮಗ್ರಿ ಕಡಿಮೆಯಿಲ್ಲ. ವಚನ ಗಾಯನ, ಡೊಳ್ಳು, ಬಯಲಾಟ, ಮಲ್ಲಕಂಬ ಎಲ್ಲವೂ ಇವೆ. ಕಲಿಸುವ ಹಿರಿಯರೂ ಊರಿನಲ್ಲಿಯೇ ಇದ್ದಾರೆ.

ಸಂಘಗಳ ಒಳಗಿನ ದೋಷಗಳನ್ನೂ ಹೇಳಲೇಬೇಕು. ಮೊದಲನೆಯದು, ಪ್ರತಿವರ್ಷ ಅದೇ ನಾಲ್ಕಾರು ಮಕ್ಕಳು ವೇದಿಕೆಯೇರುವುದು. ಬಹುಮಾನ ತರುವ ಕಂಠವನ್ನು ಹುಡುಕುವ ಭರದಲ್ಲಿ ಉಳಿದವರು ಚಪ್ಪಾಳೆಗಷ್ಟೇ ಉಳಿಯುತ್ತಾರೆ. ಎರಡನೆಯದು, ಪ್ರಮಾಣಪತ್ರದ ಹಂಬಲ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್‌ಗಳಿಗೆ ಮೀಸಲಾತಿಯಿರುವುದು ಸರಿಯೇ. ಆದರೆ ಸೇವೆಯನ್ನು ಸೀಟಿಗಾಗಿ ಮಾಡಿದರೆ ಅದು ಕಾಯಕವಾಗದು. ಮೂರನೆಯದು, ಸಂಜೆಯ ಬಸ್ಸನ್ನು ನಂಬಿದ ದೂರದ ಹಳ್ಳಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆ ಬಿಟ್ಟ ಮೇಲೆ ನಡೆಯುವ ಯಾವ ಚಟುವಟಿಕೆಗೂ ಉಳಿಯಲಾರರು. ಸಂಘದ ಅವಧಿ ವೇಳಾಪಟ್ಟಿಯ ಒಳಗೇ ಇರಬೇಕೆಂದು ನಾವು ಒತ್ತಾಯಿಸುವುದು ಈ ಕಾರಣಕ್ಕೆ. ಅದನ್ನು ಹೊರಗೆ ತಳ್ಳಿದರೆ ಅದು ಶಾಲೆಯ ಹತ್ತಿರದವರ, ಉಳ್ಳವರ ಸೊತ್ತಾಗುತ್ತದೆ.

ಶಿಕ್ಷಕರ ಕಷ್ಟವೂ ಇದೆ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಣದ ಹುದ್ದೆಗಳು ಖಾಲಿಯಿವೆ. ಇರುವವರ ಹೆಗಲ ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಭರ್ತಿಯ ಹೊರೆ ಇದೆ. ಸರ್ಕಾರ ಹುದ್ದೆ ತುಂಬದೆ ಸುತ್ತೋಲೆ ಹೊರಡಿಸಿದರೆ ಅದು ಮತ್ತೊಂದು ದಾಖಲೆ ಪುಸ್ತಕವನ್ನಷ್ಟೇ ಹುಟ್ಟಿಸೀತು.

ಮಠಗಳು ನಡೆಸುವ ಶಾಲೆಗಳು ಇಲ್ಲಿ ಮೇಲ್ಪಂಕ್ತಿ ಹಾಕಬಹುದು. ವಾರಕ್ಕೆ ಒಂದು ಅವಧಿಯನ್ನು ಯಾವ ಕಾರಣಕ್ಕೂ ಮುಟ್ಟದಂತೆ ಸಂಘಕ್ಕೆ ಮೀಸಲಿಡಲಿ. ವರ್ಷದಲ್ಲಿ ಒಮ್ಮೆಯಾದರೂ ಪ್ರತಿ ಮಗುವೂ ಐದು ನಿಮಿಷ ಎದುರು ನಿಂತು ಮಾತನಾಡುವಂತೆ ಸರದಿ ಗೊತ್ತುಮಾಡಲಿ. ವಿಶೇಷ ತರಗತಿ ಅದು ಬೇಕಾದ ಮಗುವಿಗೆ, ಬೇಕಾದ ವಿಷಯದಲ್ಲಿ ಮಾತ್ರ ನಡೆಯಲಿ. ಮೇಲಿನ ತರಗತಿಯ ಮಗು ಕೆಳಗಿನ ತರಗತಿಯ ಮಗುವಿಗೆ ಓದು, ಲೆಕ್ಕ ಹೇಳಿಕೊಡುವುದೇ ಒಂದು ಸಂಘವಾಗಲಿ. ಅದಕ್ಕಿಂತ ದೊಡ್ಡ ಜ್ಞಾನದಾಸೋಹ ಯಾವುದು? ಊರಿನ ನಿವೃತ್ತ ಶಿಕ್ಷಕರನ್ನು, ಕಲಾವಿದರನ್ನು, ಬಡಗಿ ಕುಂಬಾರರನ್ನು ಶಾಲೆಗೆ ಕರೆತರುವ ಹೊಣೆಯನ್ನು ಭಕ್ತಾದಿಗಳು ಹೊರಲಿ. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯಕ್ಕೆ ನೀರಿಲ್ಲವೆಂದು ಮಗು ಹೇಳಿದಾಗ ಪಂಚಾಯಿತಿಯ ಹಿರಿಯರು ಅದನ್ನು ಬರೆದುಕೊಳ್ಳಲಿ.

ಫಲಿತಾಂಶ ಸುಧಾರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಕಪಟ್ಟಿ ಹಿಡಿದು ಹೊರಬರುವ ಮಗು ನಾಲ್ಕು ಜನರ ನಡುವೆ ನಿಂತು ತನ್ನ ಮಾತನ್ನು ತಾನು ಆಡಲಾರದೆ ತಲೆತಗ್ಗಿಸಿದರೆ ಶಾಲೆ ತನ್ನ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದಂತೆ. ಈ ತಿಂಗಳು ಪಾಲಕರ ಸಭೆಗೆ ಹೋಗುವ ಶರಣಬಂಧುಗಳು ವಿಶೇಷ ತರಗತಿ ಎಷ್ಟೆಂದು ಕೇಳುವುದರ ಜೊತೆಗೆ, ಸಂಘದ ಅವಧಿ ಯಾವಾಗ, ನಮ್ಮ ಮಗು ಯಾವ ಸಂಘದಲ್ಲಿದೆ ಎಂದೂ ಕೇಳಬೇಕೆಂಬುದು ನಮ್ಮ ಬಿನ್ನಹ.