ಕ್ಷಯವೂ ಕಾಲಿನ ಬಾವೂ

ಕ್ಷಯವೆಂದೊಡನೆ ನಮ್ಮ ಲಕ್ಷ್ಯವೆಲ್ಲ ಕೆಮ್ಮು, ಕಫ, ಎದೆಯ ಕ್ಷ-ಕಿರಣಚಿತ್ರ ಇವುಗಳ ಮೇಲೆ ನಿಲ್ಲುತ್ತದೆ. ಆದರೆ ತೀವ್ರ ಕ್ಷಯದಿಂದ ನರಳುವ ಕೆಲವರಿಗೆ ಅಪಾಯವು ಎದೆಯಿಂದ ಬಹುದೂರದಲ್ಲಿ ಮೊದಲಾಗುತ್ತದೆ. ಕಾಲಿನ ಆಳದಲ್ಲಿರುವ ಅಭಿಧಮನಿಯಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ; ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ಇದು ವಿರಳವೆಂಬುದು ನಿಜ. ವಿರಳವೆಂದು ಉಪೇಕ್ಷಿಸುವುದು ಮಾತ್ರ ಸರಿಯಲ್ಲ.

ರಕ್ತವು ನಾಳದೊಳಗೆ ಹೆಪ್ಪುಗಟ್ಟುವುದಕ್ಕೆ ಮೂರು ಕಾರಣಗಳನ್ನು ಹೇಳುವುದುಂಟು: ಪ್ರವಾಹದ ಮಂದಗತಿ, ನಾಳದ ಒಳಪದರಕ್ಕೆ ಹಾನಿ, ರಕ್ತದ ಗುಣದಲ್ಲಿ ವ್ಯತ್ಯಾಸ. 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋನ ಹೆಸರು ಈ ತ್ರಯಕ್ಕೆ ಅಂಟಿಕೊಂಡಿದೆ. ತೀವ್ರ ಕ್ಷಯದಲ್ಲಿ ಮೂರೂ ಕೂಡಿಬರಬಲ್ಲವು. ನಿಂತ ಮನುಷ್ಯನ ಪಾದದಿಂದ ಹೃದಯಕ್ಕೆ ರಕ್ತವು ಒಂದು ಮೀಟರಿಗೂ ಮಿಕ್ಕಿ ಮೇಲೇರಬೇಕು. ಅದನ್ನು ಮೇಲಕ್ಕೊತ್ತುವ ಪಂಪು ಮೀನಖಂಡದ ಸ್ನಾಯು. ಹಾಸಿಗೆ ಹಿಡಿದವನಲ್ಲಿ ಈ ಪಂಪು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ರೋಗದ ಉರಿಯೂತವು ನಾಳದ ಒಳಪದರವನ್ನು ಕೆಡಿಸುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ರಕ್ತದಲ್ಲಿ ಹೆಚ್ಚುತ್ತದೆ.

ಇದನ್ನು ಕಂಡುಹಿಡಿಯಲು ಭೌತಶಾಸ್ತ್ರವು ಸುಲಭವಾದ ಉಪಾಯವನ್ನು ಒದಗಿಸಿದೆ. ಚಲಿಸುವ ವಸ್ತುವಿನಿಂದ ಬರುವ ಅಲೆಗಳ ಆವೃತ್ತಿ ಬದಲಾಗುವುದೆಂದು ಡಾಪ್ಲರ್ 1842ರಲ್ಲಿ ಪ್ರತಿಪಾದಿಸಿದನು. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಕಾಲಿನೊಳಕ್ಕೆ ಕಳುಹಿಸಿ, ಮರಳಿದ ಅಲೆಗಳಿಂದ ರಕ್ತದ ಹರಿವನ್ನು ಇಂದು ಅಳೆಯುತ್ತಾರೆ. ಮೇಲಿನಿಂದ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ್ದು ಹಾಗಾಗದು. ಇದರಲ್ಲಿ ನೋವಿಲ್ಲ, ಕೊಯ್ತವಿಲ್ಲ.

ಕೆಲಸದ ಹೊರೆಯಲ್ಲಿ ಮುಳುಗಿರುವ ವೈದ್ಯರಿಗೆ ಈ ಹೊಸ ಹೊರೆ ಏಕೆ ಎಂದು ಕೆಲವರು ಕೇಳಬಹುದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರೇ ಆಗಿರುವಾಗ, ನೂರರಲ್ಲಿ ಒಬ್ಬಿಬ್ಬರಿಗೆ ಬರುವ ತೊಡಕೂ ಸಾವಿರಾರು ಮನೆಗಳ ಸಂಕಟವಾಗುತ್ತದೆ. ಎಲ್ಲರನ್ನೂ ಯಂತ್ರದ ಮುಂದೆ ಮಲಗಿಸಬೇಕೆಂದು ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದ ರೋಗಿಯ ಎರಡು ಕಾಲುಗಳನ್ನೂ ಹೋಲಿಸಿ ನೋಡುವುದು, ಒಂದು ಕಾಲು ಮಾತ್ರ ಊದಿ ನೋಯುತ್ತಿದೆಯೇ ಎಂದು ಕೇಳುವುದು, ಹಾಗಿದ್ದರೆ ಅಂದೇ ಪರೀಕ್ಷೆಗೆ ಕಳುಹಿಸುವುದು, ಇಷ್ಟು ಪದ್ಧತಿಯಾಗಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್, ಹೆಪ್ಪನ್ನು ತಡೆಯುವ ವಾರ್ಫರಿನ್ನನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ ಅದರ ಪ್ರಭಾವವನ್ನು ಕುಗ್ಗಿಸುತ್ತದೆ. ಆದುದರಿಂದ ಎದೆಯ ವೈದ್ಯರಿಗೂ ಕಾಲಿನ ವೈದ್ಯರಿಗೂ ಪರಸ್ಪರರ ಔಷಧಗಳ ಅರಿವಿರಬೇಕು. ರೋಗಿಯು ತಾನಾಗಿ ಯಾವುದನ್ನೂ ನಿಲ್ಲಿಸಬಾರದು.

ರೋಗವು ದೇಹವನ್ನು ಅಂಗಾಂಗಗಳಾಗಿ ವಿಂಗಡಿಸಿಕೊಂಡು ಬರುವುದಿಲ್ಲ. ನಮ್ಮ ಆರೈಕೆಯೂ ಹಾಗೆ ವಿಂಗಡಿಸಲ್ಪಡದಿರಲಿ.