ಹತ್ತು ಸೆಂಟು ಮಳೆಯ ಲೆಕ್ಕ

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಕಾಡಿನ ಅಂಚಿಗೆ ಇರುವ ಊರು ತಿತಿಮತಿ. ಅದರ ಆಸುಪಾಸಿನಲ್ಲಿ ಕಾಫಿ ತೋಟಗಳು. ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಕೊಡಗಿನ ಬೆಳೆಗಾರನಿಗೆ ಮಳೆಯ ಲೆಕ್ಕವೆಂದರೆ ಬದುಕಿನ ಲೆಕ್ಕ. ಹೂಮಳೆಯು ಎಂದು ಬಿದ್ದಿತು, ಎಷ್ಟು ಬಿದ್ದಿತು ಎಂಬುದನ್ನು ವರ್ಷದ ಫಸಲು ಅವಲಂಬಿಸಿದೆ. ಆದುದರಿಂದಲೇ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು, ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವುದು ಅಲ್ಲಿನ ತೋಟಗಳಲ್ಲಿ ರೂಢಿ. ಇಂಚಿನ ನೂರು ಪಾಲುಗಳಲ್ಲಿ ಒಂದು ಪಾಲೇ ಸೆಂಟು.

ಹತ್ತು ದಿನಗಳ ಕಾಲ ದಿನಕ್ಕೆ ಹತ್ತು ಸೆಂಟಿನಂತೆ ಮಳೆಯಾಯಿತೆಂದು ಇಟ್ಟುಕೊಂಡರೆ, ಒಟ್ಟು ಮಳೆ ಒಂದು ಇಂಚು ಎಂದು ಚಿಕ್ಕ ಮಕ್ಕಳೂ ಹೇಳಬಲ್ಲರು. ಆದರೆ ಹತ್ತು ಸೆಂಟನ್ನು 0.1 ಇಂಚು ಎಂದು ಗಣಕಯಂತ್ರಕ್ಕೆ ಕೊಟ್ಟು, ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಒಂದೊಂದಾಗಿ ಹತ್ತು ಬಾರಿ ಕೂಡಿಸಿದರೆ ದೊರೆಯುವ ಮೊತ್ತ 0.9999999999999999. ‘ಒಂದು ಇಂಚು ತುಂಬಿತೇ?’ ಎಂದು ಕೇಳಿದರೆ ಯಂತ್ರವು ‘ಇಲ್ಲ’ ಎನ್ನುತ್ತದೆ!

ಇದಕ್ಕೆ ಕಾರಣವೇನು? ಮನುಷ್ಯನು ಹತ್ತರ ಲೆಕ್ಕದಲ್ಲಿ ಎಣಿಸುತ್ತಾನೆ. ಗಣಕಯಂತ್ರವು ಎರಡರ ಲೆಕ್ಕದಲ್ಲಿ ಎಣಿಸುತ್ತದೆ. ಒಂದಕ್ಕಿಂತ ಕಡಿಮೆಯಾದ ಪ್ರಮಾಣವನ್ನು ಅದು ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂಬ ತುಣುಕುಗಳಿಂದ ಕಟ್ಟಬೇಕು. ಈ ಕ್ರಮವು ಕನ್ನಡಿಗರಿಗೆ ಹೊಸದೇನಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂಬ ಹಳೆಯ ಅಳತೆಗಳು ಹೀಗೆಯೇ ಹುಟ್ಟಿದವು. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಪದ್ಧತಿ ಬರುವವರೆಗೆ ರೂಪಾಯಿಗೆ ಹದಿನಾರು ಆಣೆಗಳಿದ್ದವು. ರೂಪಾಯಿಯ ಅರ್ಧ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಹೀಗೆ ಇಳಿದರೆ ಎರಡಾಣೆ, ಒಂದಾಣೆ. ಆದರೆ ಹೀಗೆ ಅರ್ಧ ಮಾಡುತ್ತ ಹೋಗಿ ಪಡೆದ ಚೂರುಗಳನ್ನು ಎಷ್ಟೇ ಜೋಡಿಸಿದರೂ ರೂಪಾಯಿಯ ಹತ್ತನೆಯ ಒಂದು ಪಾಲು ಸರಿಯಾಗಿ ಒದಗುವುದಿಲ್ಲ. ದಶಮಾನದಲ್ಲಿ ಮೂರನೆಯ ಒಂದು ಪಾಲು 0.3333 ಎಂದು ಕೊನೆಯಿಲ್ಲದೆ ಸಾಗುವಂತೆ, ದ್ವಿಮಾನದಲ್ಲಿ ಹತ್ತನೆಯ ಒಂದು ಪಾಲು ಕೊನೆಯಿಲ್ಲದೆ ಸಾಗುತ್ತದೆ.

ಯಂತ್ರದಲ್ಲಿರುವ ಸ್ಥಳಕ್ಕಾದರೋ ಮಿತಿಯುಂಟು. 1985ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ‘ಫ್ಲೋಟಿಂಗ್ ಪಾಯಿಂಟ್’ ಎಂಬ ರೀತಿಯಲ್ಲಿ 64 ಬಿಟ್‌ಗಳಲ್ಲಿ ಬರೆದ ಸಂಖ್ಯೆಯು ದಶಮಾನದ ಸುಮಾರು 15 ಅಥವಾ 16 ಅಂಕಿಗಳವರೆಗೆ ಮಾತ್ರ ನಂಬಿಕೆಗೆ ಅರ್ಹ. ಅದರಾಚೆಯದನ್ನು ಯಂತ್ರವು ಸಮೀಪದ ಸಂಖ್ಯೆಗೆ ಸರಿಹೊಂದಿಸಿಬಿಡುತ್ತದೆ. ಪ್ರತಿಯೊಂದು ಸಂಕಲನದಲ್ಲಿಯೂ ಹೀಗೆ ಸರಿಹೊಂದಿಸಬೇಕಾಗಿ ಬರುವುದರಿಂದ ಸಣ್ಣ ವ್ಯತ್ಯಾಸಗಳು ಸೇರುತ್ತ ಹೋಗಬಹುದು.

ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಏನಾದೀತು ಎಂದು ಕೆಲವರು ಕೇಳಬಹುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ನಡೆದ ದುರಂತವೇ ಇದಕ್ಕೆ ಉತ್ತರ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ ಎಣಿಸುತ್ತಿತ್ತು. ಆ ಹತ್ತನೆಯ ಪಾಲನ್ನು 24 ಬಿಟ್‌ಗಳಿಗೆ ಕತ್ತರಿಸಿ ಇಡಲಾಗಿತ್ತು. ಸುಮಾರು 100 ಗಂಟೆಗಳ ಕಾಲ ಎಡೆಬಿಡದೆ ನಡೆದ ಮೇಲೆ ಆ ಕೊರತೆಯು ಬೆಳೆದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟಾಯಿತು. ವೇಗವಾಗಿ ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪಾದ ಸ್ಥಳದಲ್ಲಿ ಅರಸಿತು. 28 ಸೈನಿಕರು ಪ್ರಾಣ ತೆತ್ತರು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ತಪ್ಪುಗಳಿಗೂ ಸಲ್ಲುತ್ತದೆ.

ಹಾಗೆಂದು ಗಣಕಯಂತ್ರವೇ ನಂಬಲನರ್ಹವೆಂದು ತಳ್ಳಿಹಾಕುವುದೂ ವಿವೇಕವಲ್ಲ. ಕೊಟ್ಟ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸುತ್ತದೆ. ಯಂತ್ರದ ಮಿತಿಯನ್ನು ಅರಿಯದೆ ಅದಕ್ಕೆ ಲೆಕ್ಕವನ್ನು ಒಪ್ಪಿಸುವುದೇ ನಿಜವಾದ ದೋಷ. ಕೂಲಿಯ ಹಣವಾಗಲಿ, ಕಾಫಿಯ ತೂಕವಾಗಲಿ, ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ಅದು ಪ್ರಶ್ನಾತೀತವಾಗಬಾರದು. ಹಾಗೆ ಒಪ್ಪಿಕೊಂಡ ಲೆಕ್ಕದ ನಷ್ಟವು ಬಹುಮಟ್ಟಿಗೆ ಪ್ರಶ್ನಿಸಲಾರದ ಬಡವನ ಪಾಲಿಗೇ ಬರುತ್ತದೆ. ಆದುದರಿಂದ ಲೆಕ್ಕ ಮಾಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಲೆಕ್ಕವನ್ನು ಎಲ್ಲಿಯವರೆಗೆ ನಂಬಬೇಕೆಂಬುದನ್ನೂ ಶಾಲೆಗಳಲ್ಲಿ ಕಲಿಸಬೇಕು.

ಪರಿಹಾರವೇನೋ ಕಷ್ಟದ್ದಲ್ಲ. ಹಣವನ್ನು ರೂಪಾಯಿಯ ಭಾಗಗಳಾಗಿ ಬರೆಯದೆ ಪೂರ್ಣ ಪೈಸೆಗಳಲ್ಲಿ ಎಣಿಸಿದರೆ ಕೂಡುವಲ್ಲಿ ಈ ತೊಡಕು ಹುಟ್ಟುವುದಿಲ್ಲ. ಹಾಗೆ ಎಣಿಸಲಾಗದ ಅಳತೆಗಳಲ್ಲಿ, ಎರಡು ಸಂಖ್ಯೆಗಳು ಸರಿಸಮವೇ ಎಂದು ಕೇಳುವ ಬದಲು, ಅವುಗಳ ಅಂತರವು ಒಪ್ಪಬಹುದಾದಷ್ಟು ಕಿರಿದೇ ಎಂದು ಕೇಳಬೇಕು. ತೋಟದ ಮಳೆ ಪುಸ್ತಕವು ಮೊದಲಿನಿಂದಲೂ ಈ ಜಾಣ್ಮೆಯನ್ನು ತೋರಿದೆ. ಬೆಳೆಗಾರನು ‘ಇಂಚಿನ ಹತ್ತನೆಯ ಪಾಲು’ ಎನ್ನುವುದಿಲ್ಲ. ‘ಹತ್ತು ಸೆಂಟು’ ಎನ್ನುತ್ತಾನೆ. ಹತ್ತು ಹತ್ತು ಸೆಂಟು ಸೇರಿದರೆ ನೂರು ಸೆಂಟು. ಆ ಲೆಕ್ಕದಲ್ಲಿ ಯಂತ್ರವೂ ತಪ್ಪುವುದಿಲ್ಲ.